ಸಂಜೆ ಏಳರ ಮನೆಗೆ ಸಿನಿಮಾ ಹೇಳುವವರು

'ಒಳ್ಳೇದು ಕೊಟ್ರೂ ನಮ್ಮ ಜನ ನೋಡಲ್ಲ ಬಿಡಿ, ಅವರಿಗೆ ಸೀರಿಯಲ್ಲೇ ಸಾಕು.' ದೊಡ್ಡಬಳ್ಳಾಪುರದ ಟೀ ಅಂಗಡಿಯಲ್ಲಿ ಕಾಲೇಜು ಹುಡುಗರು ಹೇಳುವುದೂ ಇದನ್ನೇ, ಸಿನಿಮಾ ಬಗ್ಗೆ ಬರೆಯುವವರು ನಯವಾದ ಮಾತಿನಲ್ಲಿ ಹೇಳುವುದೂ ಇದನ್ನೇ, ಚಾನೆಲ್ ಕಚೇರಿಗಳಲ್ಲಿ ಕೂತು ತೀರ್ಮಾನ ಮಾಡುವವರು ನಂಬಿರುವುದೂ ಇದನ್ನೇ. ಇಷ್ಟು ಜನ ಒಪ್ಪಿಕೊಂಡ ಮಾತನ್ನು ನಾನು ಒಪ್ಪುವುದಿಲ್ಲ. ಯಾರ ಮನೆಗೆ ಹೇಳುತ್ತಿದ್ದೇವೆ, ಆ ಮನೆಯಲ್ಲಿ ಸಂಜೆ ಹೇಗಿರುತ್ತದೆ ಎಂದು ವಿಚಾರಿಸದೆ ನಾವು ಸಿನಿಮಾ ಹೆಸರುಗಳನ್ನು ಹಂಚುತ್ತಿದ್ದೇವೆ. ಹಂಚಿದ್ದು ಆ ಮನೆಗೆ ಮುಟ್ಟದೇ ಹೋದಾಗ, ಅಲ್ಲಿರುವವರಿಗೆ ಅಭಿರುಚಿಯಿಲ್ಲ ಎಂದು ಷರಾ ಬರೆದುಬಿಡುತ್ತೇವೆ.

ಆ ಸಂಜೆಯನ್ನೇ ನೋಡೋಣ. ದೊಡ್ಡಬಳ್ಳಾಪುರದ ಎಷ್ಟೋ ಬೀದಿಗಳಲ್ಲಿ ಮಗ್ಗ ಇರುವುದು ಮನೆಯೊಳಗೇ. ವಿದ್ಯುತ್ ಮಗ್ಗ ಓಡುತ್ತಿದ್ದರೆ ಎದುರಿಗಿದ್ದವರ ಮಾತು ಕೇಳುವುದೇ ಕಷ್ಟ. ಬಾಶೆಟ್ಟಿಹಳ್ಳಿ ಕಡೆಯ ಗಾರ್ಮೆಂಟ್ಸ್‌ಗೆ ಹೋದ ಹೆಂಗಸರು ಬಸ್ಸಿಳಿದು ನೇರ ಒಲೆಯ ಮುಂದೆ ನಿಲ್ಲುತ್ತಾರೆ. ಅಜ್ಜಿಗೆ ಓದು ಬಾರದು, ಮೊಮ್ಮಗನಿಗೆ ಹೋಮ್‌ವರ್ಕ್ ಮುಗಿದಿಲ್ಲ. ಹೊಸಕೋಟೆ, ದೇವನಹಳ್ಳಿ ಕಡೆ ಮನೆಯೊಳಗೆ ತೆಲುಗು, ಬೀದಿಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ಉರ್ದು ಆಡುವವರು ಬೇಕಾದಷ್ಟಿದ್ದಾರೆ. ಟಿ.ವಿ. ಒಂದೇ, ಕೂರುವ ಜಾಗವೂ ಒಂದೇ. ಇಂಥ ಮನೆಗೆ ಬರುವ ಶಿಫಾರಸು ಹೇಗಿರುತ್ತದೆ? ಎರಡೂವರೆ ಗಂಟೆಯ ಮಲಯಾಳಂ ಸಿನಿಮಾ, ಕೆಳಗೆ ಇಂಗ್ಲಿಷ್ ಅಕ್ಷರ, ನೋಡಲು ದುಡ್ಡು ಕಟ್ಟಬೇಕಾದ ಆ್ಯಪ್. ಸಿನಿಮಾ ನಿಜಕ್ಕೂ ಚೆನ್ನಾಗಿಯೇ ಇರಬಹುದು. ಆದರೆ ಅದನ್ನು ಹೇಳಿದವನು ಒಬ್ಬನೇ, ರಾತ್ರಿ ಹನ್ನೊಂದಕ್ಕೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನೋಡಿದ್ದಾನೆ. ಒಬ್ಬಂಟಿ ನೋಟದ ಅನುಭವವನ್ನು ಐದು ಜನ ಕೂತ ಪಡಸಾಲೆಗೆ ಹಾಗೇ ದಾಟಿಸಲು ಆಗುವುದಿಲ್ಲ.

ಆ್ಯಪ್‌ಗಳು ನಮ್ಮ ರುಚಿ ತಿಳಿದು ತಾವೇ ಹೇಳಿಕೊಡುತ್ತವೆ ಎಂಬ ನಂಬಿಕೆಯೂ ಇದೆ. ಒಂದೇ ಖಾತೆಯಲ್ಲಿ ಮಗುವಿನ ಕಾರ್ಟೂನು, ಮಗನ ಹೊಡೆದಾಟದ ಚಿತ್ರ, ಅಮ್ಮನ ಭಕ್ತಿಗೀತೆ ಎಲ್ಲ ಓಡುವ ಮನೆಯಲ್ಲಿ ಯಂತ್ರ ಆ ಮೂವರನ್ನೂ ಒಬ್ಬ ಮನುಷ್ಯನೆಂದು ಎಣಿಸುತ್ತದೆ. ಅದು ಮುಂದಿಡುವ ಪಟ್ಟಿ ಆ ಮೂವರಲ್ಲಿ ಯಾರದೂ ಆಗಿರುವುದಿಲ್ಲ.

ಇನ್ನು ಧಾರಾವಾಹಿ. ಅದರ ಮೇಲಿನ ದೂರುಗಳಲ್ಲಿ ಹುರುಳಿದೆ. ಅತ್ತೆಯನ್ನು ರಾಕ್ಷಸಿ ಮಾಡುವುದು, ಸೊಸೆಯ ಸಹನೆಯನ್ನೇ ಶೀಲವೆಂದು ತೋರಿಸುವುದು, ಒಂದು ಗುಟ್ಟನ್ನು ತಿಂಗಳುಗಟ್ಟಲೆ ಎಳೆಯುವುದು ನನಗೂ ಸಿಟ್ಟು ತರಿಸುತ್ತದೆ. ಆದರೂ ಧಾರಾವಾಹಿ ಆ ಮನೆಯನ್ನು ಅರ್ಥಮಾಡಿಕೊಂಡಿದೆ. ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಅವರೆಕಾಯಿ ಸುಲಿಯುತ್ತಾ ನೋಡಬಹುದು, ಮುದ್ದೆ ತಿರುವಲು ಎದ್ದು ಹೋದರೆ ಅಡುಗೆಮನೆಯಿಂದಲೇ ಕೇಳಬಹುದು. ನಿನ್ನೆ ಕರೆಂಟು ಹೋಗಿ ತಪ್ಪಿದ್ದನ್ನು ಇವತ್ತು ಪಾತ್ರಗಳೇ ಮತ್ತೆ ಹೇಳುತ್ತವೆ. ವಿಮರ್ಶಕರು ಜಾಳು ಎನ್ನುವ ಆ ಪುನರಾವರ್ತನೆ, ಕೆಲಸದ ನಡುವೆ ನೋಡುವವಳಿಗೆ ಸೌಕರ್ಯ. ಮಾರನೆಯ ದಿನ ಗಾರ್ಮೆಂಟ್ಸ್ ಬಸ್ಸಿನಲ್ಲಿ ಅದರ ಬಗ್ಗೆ ವಾದ ಮಾಡಲು ಹತ್ತು ಜನ ಸಿಗುತ್ತಾರೆ. 'ಅವಳು ಹಂಗೆ ಮಾಡಬಾರದಿತ್ತು' ಎಂಬ ಆ ವಾದದಲ್ಲಿ ನ್ಯಾಯ, ಆಸ್ತಿ, ಗಂಡನ ಮನೆ, ತವರು ಎಲ್ಲವೂ ಬರುತ್ತವೆ. ನನ್ನ ಮಟ್ಟಿಗೆ ಅದು ವಿಮರ್ಶೆಯೇ.

ಗಿರೀಶ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' (2008) ಇದನ್ನು ಬಹಳ ಹಿಂದೆಯೇ ಕಂಡುಕೊಂಡಿತ್ತು. ವೈದೇಹಿಯವರ ಕತೆಯನ್ನು ಆಧರಿಸಿದ ಆ ಚಿತ್ರದಲ್ಲಿ ಮೀನುಗಾರರ ಊರಿನ ಸೂಲಗಿತ್ತಿ ಗುಲಾಬಿಯ ಗುಡಿಸಲಿಗೆ ಡಿಶ್ ಸಮೇತ ಬಣ್ಣದ ಟಿ.ವಿ. ಬರುತ್ತದೆ. ಹೆಂಗಸರು ಬಂದು ಸೇರುತ್ತಾರೆ, ಪರದೆ ನೋಡುತ್ತಾ ತಮ್ಮ ಸಂಸಾರದ ಮಾತಿಗಿಳಿಯುತ್ತಾರೆ. ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಪಾತ್ರ ಅದು. ಯಾರ ಜೊತೆ ಕೂತು ನೋಡಿದೆವು ಎಂಬುದನ್ನು ಬಿಟ್ಟು ಏನು ನೋಡಿದೆವು ಎಂಬುದನ್ನು ಮಾತ್ರ ಅಳೆಯಬಾರದು ಎಂದು ನನಗೆ ಮನದಟ್ಟಾದದ್ದು ಆ ಚಿತ್ರದಿಂದ.

'ಒಳ್ಳೇದು ಕೊಟ್ರೂ ನೋಡಲ್ಲ' ಎಂಬ ಮಾತಿಗೆ ನಮ್ಮ ಟಿ.ವಿ. ಇತಿಹಾಸವೇ ಉತ್ತರ ಕೊಟ್ಟಿದೆ. ಎಂಬತ್ತರ ದಶಕದಲ್ಲಿ ಶಂಕರ್‌ನಾಗ್ ಅವರ 'ಮಾಲ್ಗುಡಿ ಡೇಸ್' ದೂರದರ್ಶನದಲ್ಲಿ ಹಿಂದಿಯಲ್ಲಿ ಬಂತು. ಆಗುಂಬೆಯ ಬೀದಿ, ಮಾಸ್ಟರ್ ಮಂಜುನಾಥನ ಮುಖ, ಅನಂತನಾಗ್, ಗಿರೀಶ ಕಾರ್ನಾಡರನ್ನು ಕಂಡ ಕನ್ನಡದ ಮನೆಗಳು ಅರ್ಧಂಬರ್ಧ ತಿಳಿದ ಹಿಂದಿಯಲ್ಲೇ ಅದನ್ನು ತಮ್ಮದು ಮಾಡಿಕೊಂಡವು. ಸದಾನಂದ ಸುವರ್ಣರ 'ಗುಡ್ಡದ ಭೂತ'ವನ್ನು ಜನ ಇವತ್ತಿಗೂ ನೆನೆಯುತ್ತಾರೆ. 1998ರಲ್ಲಿ ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ಮಾಡಿದ 'ಮಾಯಾಮೃಗ' ಬಂದಾಗ ಅದರ ಹೊತ್ತಿಗೆ ಮನೆಗೆಲಸವನ್ನು ಹೊಂದಿಸಿಕೊಂಡವರು ಇದೇ ಅಮ್ಮಂದಿರು, ಅಜ್ಜಿಯರು. ಆಮೇಲೆ ಈಟಿವಿಯಲ್ಲಿ ಬಂದ 'ಮುಕ್ತ'ದ ಕೋರ್ಟು ದೃಶ್ಯಗಳಲ್ಲಿ ಕಾನೂನು ಇತ್ತು, ರಾಜಕೀಯ ಇತ್ತು, ಉದ್ದುದ್ದ ವಾದ ಇತ್ತು. ಯಾರೂ ರಿಮೋಟ್ ಒತ್ತಲಿಲ್ಲ. ಇವೆಲ್ಲವೂ ಮನೆಯ ಹೊತ್ತಿಗೆ, ಕಿವಿಗೆ ಬೀಳುವಂತೆ, ತುಂಡುತುಂಡಾಗಿ, ಎಲ್ಲರೂ ಒಟ್ಟಿಗೆ ನೋಡುವಂತೆ ಬಂದಿದ್ದವು. ಆ ಜನರ ಅಭಿರುಚಿ ಎರಡು ದಶಕದಲ್ಲಿ ಸತ್ತುಹೋಯಿತು ಎನ್ನಲು ಯಾರ ಬಳಿಯೂ ಪುರಾವೆಯಿಲ್ಲ. ಸತ್ತದ್ದು ಅವರಿಗಾಗಿ ಅಂಥದ್ದನ್ನು ಮಾಡುವ ಧೈರ್ಯ.

ಆ ಧೈರ್ಯಗೇಡಿತನಕ್ಕೆ ಇತ್ತೀಚಿನ ಉದಾಹರಣೆ 'ಏಕಂ'. ಸುಮಂತ್ ಭಟ್ ಮತ್ತು ತಂಡ ಮಾಡಿದ, ಕರಾವಳಿಯ ಬಿಡಿ ಕತೆಗಳ ಆ ಕನ್ನಡ ಸರಣಿಯನ್ನು ಯಾವ ದೊಡ್ಡ ಓಟಿಟಿ ವೇದಿಕೆಯೂ ಕೊಳ್ಳಲಿಲ್ಲ. ರಕ್ಷಿತ್ ಶೆಟ್ಟಿಯವರ ಸಂಸ್ಥೆ 2024ರ ಜುಲೈನಲ್ಲಿ ಅದಕ್ಕೆಂದೇ ಒಂದು ತಾಣ ತೆರೆದು ಬಿಡುಗಡೆ ಮಾಡಬೇಕಾಯಿತು. ಕನ್ನಡದವರು ಕನ್ನಡವನ್ನು ನೋಡುವುದಿಲ್ಲ ಎಂಬ ಲೆಕ್ಕಾಚಾರ ವೇದಿಕೆಗಳ ನಿರಾಕರಣೆಯ ಹಿಂದಿತ್ತು. ಒಂದೇ ವರ್ಷದಲ್ಲಿ, 2025ರ ಜುಲೈ 25ರಂದು, ಜೆ.ಪಿ. ತುಮಿನಾಡು ಅವರ 'ಸು ಫ್ರಮ್ ಸೋ' ತೆರೆಕಂಡಿತು. ದೊಡ್ಡ ನಾಯಕನಟ ಇರಲಿಲ್ಲ, ಭಾರಿ ಪ್ರಚಾರ ಇರಲಿಲ್ಲ. ನೋಡಿ ಬಂದವರು ಅಕ್ಕಪಕ್ಕದವರಿಗೆ ಹೇಳಿದರು, ಅವರು ಮನೆಯವರನ್ನೆಲ್ಲ ಕರೆದುಕೊಂಡು ಹೋದರು, ಆಟಗಳ ಸಂಖ್ಯೆ ಏರುತ್ತಾ ಹೋಯಿತು. ಅದನ್ನು ಹೇಳಿದವರ ಬಾಯಲ್ಲಿ ಬರುತ್ತಿದ್ದ ಮಾತು 'ಮನೆಮಂದಿಯೆಲ್ಲ ಹೋಗಿ, ನಗ್ತೀರ' ಎಂಬುದು. ಯಾರು ಜೊತೆಗೆ ಕೂರಬಹುದು ಎಂಬ ಮಾಹಿತಿ ಆ ಸಣ್ಣ ವಾಕ್ಯದಲ್ಲಿತ್ತು. ಐದಕ್ಕೆ ಇಷ್ಟು ಎಂದು ಕೊಡುವ ಅಂಕದಲ್ಲಿ ಅದು ಇರುವುದಿಲ್ಲ.

ಮಲಯಾಳಂ ನೋಡಿ ಎಂದು ಹೇಳುವವರ ಬಗ್ಗೆ ನನಗೆ ಬೇಸರವಿಲ್ಲ. ಬೇಸರವಿರುವುದು ಅಜ್ಜಿಯನ್ನು ಹೊರಗಿಟ್ಟು ಹೇಳುವುದರ ಬಗ್ಗೆ. ಇಲ್ಲಿ ಡಬ್ಬಿಂಗ್ ವಿಷಯ ಎತ್ತಲೇಬೇಕು. ಅರವತ್ತರ ದಶಕದಲ್ಲಿ ಅನಕೃ ಮುಂತಾದವರ ಮುಂದಾಳತ್ವದಲ್ಲಿ ಡಬ್ಬಿಂಗ್ ವಿರುದ್ಧ ಚಳವಳಿ ನಡೆದಾಗ ಕನ್ನಡ ಚಿತ್ರರಂಗ ಮದರಾಸಿನ ನೆರಳಿನಲ್ಲಿತ್ತು, ಅದು ಉಳಿಯಬೇಕಿತ್ತು. ಆ ಕಾಲಕ್ಕೆ ಆ ನಿಲುವು ಸರಿ. ಆದರೆ ಚಿತ್ರರಂಗ ಬೆಳೆದ ಮೇಲೂ ಬೇಲಿ ಹಾಗೇ ಉಳಿಯಿತು. 2012ರಲ್ಲಿ 'ಸತ್ಯಮೇವ ಜಯತೆ'ಯಂಥ ಸಾಮಾಜಿಕ ಕಾರ್ಯಕ್ರಮ ಕೂಡ ಕನ್ನಡದಲ್ಲಿ ಬರಲಾಗಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ತಡೆ ಕಾನೂನಿಗೆ ವಿರುದ್ಧ ಎಂದು ಆದೇಶ ಕೊಟ್ಟಿತು. 2020ರ ಲಾಕ್‌ಡೌನ್‌ನಲ್ಲಿ ಚಿತ್ರೀಕರಣ ನಿಂತು, ಹಿಂದಿಯ 'ಮಹಾಭಾರತ' ಕನ್ನಡದ ಮಾತಿನಲ್ಲಿ ಬಂದಾಗ ಮನೆಮನೆಯಲ್ಲಿ ನೋಡಿದರು. ಬೇಲಿಯಿಂದ ನಷ್ಟವಾದದ್ದು ಇಂಗ್ಲಿಷ್ ಅಕ್ಷರ ಓದಬಲ್ಲ ನಮ್ಮಂಥವರಿಗಲ್ಲ, ಅದನ್ನು ಓದಲಾಗದ ಹಿರಿಯರಿಗೆ.

ಹಾಗಾದರೆ ಮನೆ ನೋಡಿ ಹೇಳುವುದು ಎಂದರೆ ಹೇಗೆ? ದೇವನಹಳ್ಳಿಯ ಒಂದು ರೈತ ಕುಟುಂಬಕ್ಕೆ ನಾನು ರಾಮ್ ರೆಡ್ಡಿಯವರ 'ತಿಥಿ' ಹೇಳುತ್ತೇನೆ. ಅದಕ್ಕೆ ಲೊಕಾರ್ನೊದಲ್ಲಿ ಪ್ರಶಸ್ತಿ ಬಂತು, ಅತ್ಯುತ್ತಮ ಕನ್ನಡ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು ಎಂದು ಶುರು ಮಾಡುವುದಿಲ್ಲ. ಹಾಗೆ ಹೇಳಿದ ತಕ್ಷಣ ಅದು ತಮಗಲ್ಲದ 'ಅವಾರ್ಡ್ ಸಿನಿಮಾ' ಎಂದು ಅವರು ದೂರ ಇಡುತ್ತಾರೆ, ಇಟ್ಟರೆ ತಪ್ಪೂ ಇಲ್ಲ. ನೂರೊಂದು ವರ್ಷದ ಅಜ್ಜ ತೀರಿಕೊಂಡಿದ್ದಾನೆ, ಜಮೀನು ಅಜ್ಜನ ಹೆಸರಿನಲ್ಲಿದೆ, ಮೊಮ್ಮಗ ತಮ್ಮಣ್ಣನಿಗೆ ಅದನ್ನು ಮಾರಬೇಕು, ನಡುವೆ ಇರುವ ಅಪ್ಪ ಗಡ್ಡಪ್ಪನಿಗೆ ಯಾವ ಆಸ್ತಿಯೂ ಬೇಡ, ಹಾಗಾಗಿ ತಮ್ಮಣ್ಣ ಬದುಕಿರುವ ಅಪ್ಪ ಸತ್ತಿದ್ದಾನೆಂದು ಕಾಗದ ಮಾಡಿಸಲು ಹೊರಡುತ್ತಾನೆ ಎಂದು ಕತೆ ಹೇಳುತ್ತೇನೆ. ಪಹಣಿ, ಪೌತಿ ಖಾತೆ, ತಾಲ್ಲೂಕು ಕಚೇರಿಯ ಅಲೆದಾಟ ಗೊತ್ತಿರುವ ಊರಿದು. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಭೂಸ್ವಾಧೀನದ ವಿರುದ್ಧ 2022ರ ಏಪ್ರಿಲ್‌ನಿಂದ ಧರಣಿ ಕೂತು, 2025ರ ಜುಲೈನಲ್ಲಿ ಸರ್ಕಾರ ಅದನ್ನು ಕೈಬಿಡುವಂತೆ ಮಾಡಿದ ಸೀಮೆ. ಜಮೀನು ಎಂದರೆ ಏನು ಎಂದು ಈ ಜನಕ್ಕೆ ಯಾವ ಚಿತ್ರವಿಮರ್ಶಕನೂ ವಿವರಿಸಬೇಕಾಗಿಲ್ಲ. ಮಂಡ್ಯದ ನೊದೆಕೊಪ್ಪಲಿನ ನಿಜವಾದ ಹಳ್ಳಿಗರೇ ನಟಿಸಿದ ಆ ಚಿತ್ರದ ಕನ್ನಡಕ್ಕೆ ಅಡಿಬರಹವೂ ಬೇಕಿಲ್ಲ. ಜೊತೆಗೆ ಇನ್ನೊಂದನ್ನೂ ಮೊದಲೇ ಹೇಳುತ್ತೇನೆ: ಬೈಗುಳ ಧಾರಾಳವಾಗಿದೆ, ಗಡ್ಡಪ್ಪ ಕುಡಿಯುತ್ತಲೇ ಇರುತ್ತಾನೆ, ಮಕ್ಕಳನ್ನು ಕೂರಿಸಿಕೊಳ್ಳುವುದು ನಿಮಗೆ ಬಿಟ್ಟದ್ದು. ಇಷ್ಟು ಹೇಳದೆ ಹೆಸರು ಮಾತ್ರ ಕೊಟ್ಟು, ಅವರು ಹತ್ತನೇ ನಿಮಿಷಕ್ಕೆ ಮುಜುಗರದಿಂದ ಆರಿಸಿಬಿಟ್ಟರೆ, ತಪ್ಪು ಹೇಳಿದವನದೇ.

ನೆಲಮಂಗಲದ ಕಡೆಯ ಹಿರಿಯರಿಗೆ 'ಗೆಜ್ಜೆಪೂಜೆ' (1969) ಹೇಳಬಹುದು. ಸೋಲದೇವನಹಳ್ಳಿಯಲ್ಲಿ ತೋಟ ಮಾಡಿಕೊಂಡು ಬಾಳಿ, 2023ರ ಡಿಸೆಂಬರ್ 8ರಂದು ತೀರಿಕೊಂಡ ನಟಿ ಲೀಲಾವತಿಯವರನ್ನು ಅಲ್ಲಿನವರು ಊರಿನವರೆಂದೇ ಕಂಡಿದ್ದರು. ಪುಟ್ಟಣ್ಣ ಕಣಗಾಲರ ಆ ಚಿತ್ರದಲ್ಲಿ ಕಲ್ಪನಾಳ ತಾಯಿಯಾಗಿ ಅವರು ಮಾಡಿದ ಪಾತ್ರವನ್ನು ಆ ಊರಿನ ಅಜ್ಜಿ ಮೊಮ್ಮಗಳ ಪಕ್ಕ ಕೂತು ನೋಡಿದರೆ ಮಾತಿಗೆ ಬೇಕಾದಷ್ಟು ಸಿಗುತ್ತದೆ.

ದೊಡ್ಡಬಳ್ಳಾಪುರದ ನೇಕಾರರಿಗೆ ನಾನು ಹೇಳಬೇಕೆಂದಿರುವ ಚಿತ್ರ ತಮಿಳಿನದು, ಪ್ರಿಯದರ್ಶನ್ ಅವರ 'ಕಾಂಚೀವರಂ'. ಮಗಳ ಮದುವೆಗೆ ರೇಷ್ಮೆ ಸೀರೆ ಉಡಿಸುತ್ತೇನೆಂದು ಮಾತು ಕೊಟ್ಟ ನೇಕಾರ, ತಾನು ನೇಯುವ ಸೀರೆಯನ್ನು ಎಂದೂ ಕೊಳ್ಳಲಾರದವನು, ಎಳೆ ಎಳೆಯಾಗಿ ರೇಷ್ಮೆ ಕದ್ದು ತರುತ್ತಾನೆ. ಆ ನೇಕಾರನಾಗಿ ನಟಿಸಿ ರಾಷ್ಟ್ರಪ್ರಶಸ್ತಿ ಪಡೆದವರು ನಮ್ಮ ಪ್ರಕಾಶ್ ರೈ. ಮಗ್ಗದ ಮುಂದೆ ಬದುಕು ಕಳೆದವರಿಗೆ ಆ ಕತೆ ತಟ್ಟುವಷ್ಟು ಚಿತ್ರೋತ್ಸವದ ಸಭಾಂಗಣದಲ್ಲಿ ಕೂತವರಿಗೆ ತಟ್ಟಲಾರದು. ಆದರೆ ಮಗ್ಗ ಓಡುವ ಮನೆಯಲ್ಲಿ ಸಂಭಾಷಣೆ ಕೇಳಿಸುವುದಿಲ್ಲ. ಅಲ್ಲಿ ಕನ್ನಡದ ಮಾತಿನ ಜೊತೆಗೆ ಕನ್ನಡದ ಅಡಿಬರಹವೂ ಬೇಕು. ಬೃಜ್ ಕೊಠಾರಿ ಎಂಬವರು 1990ರ ದಶಕದಲ್ಲೇ ಗುಜರಾತಿ ಚಿತ್ರಗೀತೆಗಳಿಗೆ ಗುಜರಾತಿಯಲ್ಲೇ ಅಡಿಬರಹ ಹಾಕಿಸುವ ಕೆಲಸ ಆರಂಭಿಸಿದ್ದರು, ಅರೆಬರೆ ಅಕ್ಷರ ಬಲ್ಲವರ ಓದು ಅದರಿಂದ ಸುಧಾರಿಸಲಿ ಎಂದು. ಕನ್ನಡದ ಚಾನೆಲ್‌ಗಳು ಕನ್ನಡದ್ದೇ ಸಿನಿಮಾ, ಧಾರಾವಾಹಿಗಳಿಗೆ ಕನ್ನಡದ ಅಡಿಬರಹ ಹಾಕಿದರೆ ಮಗ್ಗದ ಮನೆಗಳಿಗೂ, ಕಿವಿ ಮಂದವಾದ ಹಿರಿಯರಿಗೂ, ಅಕ್ಷರ ಕೂಡಿಸಿ ಓದಲು ಕಲಿಯುತ್ತಿರುವ ಮಕ್ಕಳಿಗೂ ಒಮ್ಮೆಗೇ ದಾರಿಯಾಗುತ್ತದೆ. ವಾರಕ್ಕೊಂದು ಒಳ್ಳೆಯ ಸಣ್ಣ ಚಿತ್ರವನ್ನು ನಾಲ್ಕು ಸಂಜೆಗೆ ಅರ್ಧರ್ಧ ಗಂಟೆಯಂತೆ ಹಂಚಿ, ಹಿಂದಿನ ದಿನದ ಕತೆಯನ್ನು ಎರಡು ಮಾತಿನಲ್ಲಿ ಹೇಳಿ ತೋರಿಸುವುದೂ ಚಾನೆಲ್‌ಗಳಿಗೆ ಅಸಾಧ್ಯದ ಕೆಲಸವೇನಲ್ಲ. ಇಷ್ಟನ್ನು ಒಂದು ವರ್ಷ ಮಾಡಿ ನೋಡಲಿ. ಅಲ್ಲಿಯವರೆಗೆ ಮಗ್ಗದ ಮುಂದೆ, ಒಲೆಯ ಮುಂದೆ ಕೂತವರ ಅಭಿರುಚಿಯ ಬಗ್ಗೆ ತೀರ್ಪು ಕೊಡುವ ಹಕ್ಕು ಚಾನೆಲ್‌ನವರಿಗೂ ಇಲ್ಲ, ಸಿನಿಮಾ ಪಟ್ಟಿ ಹಂಚುವ ನಮಗೂ ಇಲ್ಲ.