ನಡೆಯುತ್ತ ನೋಡುವ ಪಟಗಳು

ತುಲೂಸ್-ಲೊಟ್ರೆಕ್ 1892ರಲ್ಲಿ ಪ್ಯಾರಿಸ್ಸಿನ ಹಾಡುಗಾರ ಅರಿಸ್ತೀದ್ ಬ್ರುವಾಂಗಾಗಿ ಬರೆದ ಪೋಸ್ಟರಿನ ಒಂದು ಪ್ರತಿ ನನ್ನ ಹಳೆಯ ಬಾಡಿಗೆ ಮನೆಯ ಹಾಲಿನಲ್ಲಿ, ಸೋಫಾದ ಮೇಲಿನ ಗೋಡೆಯಲ್ಲಿ, ಒಂದು ವರ್ಷ ಇತ್ತು. ಮೊದಮೊದಲು ಬಂದವರೆಲ್ಲ ಅದರ ಬಗ್ಗೆ ಕೇಳುತ್ತಿದ್ದರು. ಆಮೇಲೆ ನನಗೇ ಅದು ಕಣ್ಣಿಗೆ ಬೀಳುವುದು ನಿಂತುಹೋಯಿತು. ಮನೆ ಬದಲಾಯಿಸಿದಾಗ ಹೊಸ ಹಾಲಿನಲ್ಲಿ ಅಷ್ಟು ಗೋಡೆ ಇರಲಿಲ್ಲ. ಪ್ಯಾಸೇಜಿನ ಕೊನೆಯಲ್ಲಿ ಹಿಂದಿನವರು ಹೊಡೆದ ಮೊಳೆಯೊಂದು ಉಳಿದಿತ್ತು, ಸದ್ಯಕ್ಕಿರಲಿ ಎಂದು ಅದಕ್ಕೆ ಸಿಕ್ಕಿಸಿದೆ. ಮರುದಿನ ಬೆಳಿಗ್ಗೆ ಕೋಣೆಯ ಬಾಗಿಲು ತೆರೆದರೆ ಆ ಅಗಲ ಅಂಚಿನ ಕಪ್ಪು ಟೋಪಿ, ಕೊರಳಿಗೆ ಸುತ್ತಿದ ಕೆಂಪು ವಸ್ತ್ರ ಹದಿನೈದು ಅಡಿ ದೂರದಿಂದಲೇ ನನ್ನನ್ನು ತಡೆದು ನಿಲ್ಲಿಸಿದವು. ಅಲ್ಲಿಂದೀಚೆಗೆ ಬ್ರುವಾಂನನ್ನು ನಾನು ಕದಲಿಸಿಲ್ಲ.

ಪೋಸ್ಟರ್ ನಡೆಯುವವರಿಗಾಗಿ ಹುಟ್ಟಿದ ಕಲೆ ಎಂಬುದು ನನಗೆ ಅರ್ಥವಾದದ್ದು ಹೀಗೆ. 1881ರ ಜುಲೈ 29ರ ಪತ್ರಿಕಾ ಸ್ವಾತಂತ್ರ್ಯ ಕಾನೂನು ಫ್ರಾನ್ಸಿನಲ್ಲಿ ಭಿತ್ತಿಪತ್ರ ಅಂಟಿಸುವುದಕ್ಕಿದ್ದ ಕಟ್ಟುಪಾಡುಗಳನ್ನು ಸಡಿಲಿಸಿತು. ಪ್ಯಾರಿಸ್ಸಿನ ಬೇಲಿ, ಗೋಡೆ, ಕಂಬಗಳೆಲ್ಲ ಬಣ್ಣದ ಕಾಗದದಿಂದ ತುಂಬಿದವು. ಅಲ್ಲಿ ಯಾರೂ ಕುರ್ಚಿ ಹಾಕಿಕೊಂಡು ಕೂತು ಚಿತ್ರ ನೋಡುತ್ತಿರಲಿಲ್ಲ. ಕೆಲಸಕ್ಕೆ ಓಡುವವನು, ಕುದುರೆಗಾಡಿಯಲ್ಲಿ ಸಾಗುವವಳು, ಮಳೆಗೆ ತಲೆ ತಗ್ಗಿಸಿ ನಡೆಯುವವನು, ಇವರು ಒಮ್ಮೆ ಕಣ್ಣೆತ್ತಿದಾಗ ಅಷ್ಟರಲ್ಲೇ ಚಿತ್ರ ತನ್ನ ಮಾತು ಆಡಿ ಮುಗಿಸಬೇಕಿತ್ತು. ಆದ್ದರಿಂದ ಹೊಸಬರಿಗೆ ನಾನು ಹೇಳುವ ಮೊದಲ ಪಾಠ ಇದು: ಪ್ರತಿಯನ್ನು ಕೊಳ್ಳುವ ಮುಂಚೆ ಗೋಡೆಗೆ ಒರಗಿಸಿ, ಕೋಣೆಯ ಆ ತುದಿಗೆ ಹೋಗಿ, ಅದರ ಮುಂದೆ ಒಮ್ಮೆ ಹಾದುಹೋಗಿ. ಏನು ಸಿಕ್ಕಿತು? ಒಂದು ಬಣ್ಣ, ಒಂದು ಗೆರೆ, ಒಂದು ಮೈಬಾಗು ಮನಸ್ಸಿನಲ್ಲಿ ಉಳಿದಿದ್ದರೆ ಆ ಪೋಸ್ಟರ್ ಜೀವಂತವಾಗಿದೆ. ಆಮೇಲೆ ಹತ್ತಿರ ಹೋಗಿ.

ಹತ್ತಿರ ಹೋದಾಗ ನೋಡಬೇಕಾದದ್ದು ಕಲ್ಲು. ಇವೆಲ್ಲ ಕಲ್ಲಚ್ಚಿನ ಕೆಲಸ. ಬವೇರಿಯಾದ ಅಲೋಯಿಸ್ ಸೆನೆಫೆಲ್ಡರ್ 1796ರ ಸುಮಾರಿಗೆ ಕಂಡುಕೊಂಡ ಉಪಾಯವಿದು. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಲ್ಲಿ ಚಿತ್ರ ಬರೆದು, ಕಲ್ಲನ್ನು ಒದ್ದೆ ಮಾಡಿ, ಎಣ್ಣೆಶಾಯಿ ಹಚ್ಚಿದರೆ ಶಾಯಿ ಜಿಡ್ಡಿರುವ ಕಡೆ ಮಾತ್ರ ಹಿಡಿಯುತ್ತದೆ, ನೀರಿರುವ ಕಡೆ ಜಾರುತ್ತದೆ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಈ ತಂತ್ರ ನಮ್ಮ ಮನೆಗಳಿಗೆ ಹೊಸದಲ್ಲ. ಅಜ್ಜಿಯರ ಕಾಲದ ದೇವರ ಕೋಣೆಯಲ್ಲಿದ್ದ ರವಿವರ್ಮನ ಲಕ್ಷ್ಮಿ, ಸರಸ್ವತಿಯರು ಇಂಥ ಕಲ್ಲಿನಿಂದಲೇ ಇಳಿದು ಬಂದವರು. ಅವನ ಮುದ್ರಣಾಲಯ 1894ರಲ್ಲಿ ಮುಂಬಯಿಯಲ್ಲಿ ಶುರುವಾಯಿತು. ಆದರೆ ಎರಡರ ದಾರಿ ಬೇರೆ. ರವಿವರ್ಮನ ಅಚ್ಚು ಹಲವಾರು ಕಲ್ಲುಗಳನ್ನು ಬಳಸಿ, ತಾನು ಅಚ್ಚು ಎಂಬುದನ್ನೇ ಮರೆಸಿ, ತೈಲಚಿತ್ರದಂತೆ ಕಾಣಲು ಹವಣಿಸಿತು. ಪ್ಯಾರಿಸ್ಸಿನವರು ನಾಲ್ಕೈದು ಕಲ್ಲುಗಳಲ್ಲೇ ಮುಗಿಸಿ, ಬಳಪದ ತರಿಯನ್ನೂ ಬಣ್ಣದ ಸಪಾಟನ್ನೂ ಬಯಲಲ್ಲೇ ಬಿಟ್ಟರು. ಒಂದೇ ಕಲ್ಲಿಗೆ ಎರಡು ಸ್ವಭಾವ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಮೂಲ ಚಿತ್ರಗಳನ್ನು ನೋಡಿ ಬಂದವರಿಗೆ ಈ ವ್ಯತ್ಯಾಸ ಬೇಗ ಹೊಳೆಯುತ್ತದೆ.

ಬಣ್ಣದ ಪೋಸ್ಟರಿಗೆ ತಳಪಾಯ ಹಾಕಿದವನು ಜೂಲ್ ಶೆರೆ. ಸಾವಿರಕ್ಕೂ ಹೆಚ್ಚು ಪೋಸ್ಟರುಗಳಲ್ಲಿ ಅವನ ನಗುವ ಹೆಂಗಳೆಯರು ಗಾಳಿಯಲ್ಲಿ ತೇಲುತ್ತಾರೆ. ಅವನನ್ನು ಗೌರವಿಸುತ್ತೇನೆ, ಮನೆಯಲ್ಲಿ ಹಾಕಿಕೊಂಡಿಲ್ಲ. ಎಲ್ಲರೂ ಸದಾ ನಗುತ್ತಿರುವ ಗೋಡೆ ನನಗೆ ಬೇಗ ದಣಿವು ತರುತ್ತದೆ. ಲೊಟ್ರೆಕ್ ಹಾಗಲ್ಲ. 1891ರ 'ಮುಲಾಂ ರೂಜ್: ಲ ಗೂಲ್ಯು' ನೋಡಿ. ನಡುವೆ ಕಾಲೆತ್ತಿ ಕುಣಿಯುವವಳ ಒಳಲಂಗದ ಬಿಳುಪು ಕಣ್ಣು ಕೋರೈಸುತ್ತದೆ. ಅದು ಬಣ್ಣವೇ ಅಲ್ಲ, ಬರೀ ಕಾಗದ. ಹಿಂದೆ ಸಾಲುಗಟ್ಟಿ ನಿಂತ ಪ್ರೇಕ್ಷಕರ ಕಪ್ಪು ನೆರಳು, ಮುಂದೆ ಬೂದು ನೆರಳಾಗಿ ಬಳುಕುವ ಜೊತೆಗಾರ, ಇವುಗಳ ನಡುವೆ ಏನೂ ಹಚ್ಚದ ಜಾಗವೇ ದೀಪವಾಗಿ ಉರಿಯುತ್ತದೆ. ಅದಕ್ಕೇ ಇದರ ಪ್ರತಿಯನ್ನು ಆರಿಸುವಾಗ ಆ ಬಿಳುಪನ್ನೇ ಮೊದಲು ನೋಡುತ್ತೇನೆ. ಹಳತಾಗಿ ಕಾಣಲೆಂದು ಇಡೀ ಹಾಳೆಗೆ ಚಹಾದ ಬಣ್ಣ ಬಳಿದ ಪ್ರತಿಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಆ ದೀಪ ಆರಿಹೋಗಿರುತ್ತದೆ.

'ದಿವಾಂ ಜಪೊನೇ' ಇನ್ನೂ ಧೈರ್ಯದ ಕೆಲಸ. ವೇದಿಕೆಯ ಮೇಲೆ ಹಾಡುತ್ತಿರುವವಳ ತಲೆಯೇ ಚಿತ್ರದ ಮೇಲಂಚಿನ ಆಚೆ ಉಳಿದಿದೆ! ಉದ್ದನೆಯ ಕರಿ ಕೈಗವಸು ನೋಡಿಯೇ ಅವಳು ಈವೆಟ್ ಗಿಲ್ಬೇರ್ ಎಂದು ಪ್ಯಾರಿಸ್ಸಿನವರು ಗುರುತಿಸಬೇಕಿತ್ತು. ಜಪಾನಿನ ಮರದಚ್ಚಿನ ಚಿತ್ರಗಳಿಂದ ಲೊಟ್ರೆಕ್ ಕಲಿತ ವಿದ್ಯೆ ಇದು. ಬದುಕಿನ ಒಂದು ಕ್ಷಣಕ್ಕೆ ಕಣ್ಣು ಹೊರಳಿದಾಗ ಎಲ್ಲವೂ ಚೌಕಟ್ಟಿನೊಳಗೆ ನೀಟಾಗಿ ಕೂತಿರುವುದಿಲ್ಲವಲ್ಲ! 1893ರ, ನರ್ತಕಿ ಜಾನ್ ಅವ್ರಿಲ್‌ಳ ಪೋಸ್ಟರಿನಲ್ಲಂತೂ ಎದುರಿಗಿರುವ ದೊಡ್ಡ ತಂತಿವಾದ್ಯದ ಕುತ್ತಿಗೆಯೇ ಬೆಳೆದು, ಬಾಗಿ, ಚಿತ್ರದ ಚೌಕಟ್ಟಾಗಿಬಿಡುತ್ತದೆ. ಹತ್ತು ವರ್ಷ ನೋಡಿದರೂ ಆ ಗೆರೆಯ ಹಿಂದೆ ಓಡುವ ಕಣ್ಣಿಗೆ ಸಾಕೆನಿಸದು.

ಅಲ್ಫೋನ್ಸ್ ಮೂಖಾನ ಹೆಂಗಸರು ನಮ್ಮವರಿಗೆ ಕೂಡಲೇ ಹತ್ತಿರವಾಗುತ್ತಾರೆ. ನನ್ನ ತಾಯಿ ಅವನ ಒಂದು ಪ್ರತಿಯನ್ನು ನೋಡಿದವರೇ, "ಇದು ಯಾವ ದೇವಿ?" ಎಂದು ಕೇಳಿದ್ದರು. ಅವರ ಕಣ್ಣು ಸರಿಯಾಗಿಯೇ ಹಿಡಿದಿತ್ತು. ತಲೆಯ ಹಿಂದೆ ಪ್ರಭಾವಳಿ, ಕೈಯಲ್ಲಿ ಗರಿಯೋ ಹೂವೋ, ನಿಂತ ನಿಲುವಿನಲ್ಲಿ ಗರ್ಭಗುಡಿಯ ಗಾಂಭೀರ್ಯ. ನಟಿ ಸಾರಾ ಬೆರ್ನಾರ್‌ಳ 'ಜಿಸ್ಮೊಂಡಾ' ನಾಟಕಕ್ಕೆ ಅವನು ಬರೆದ ಪೋಸ್ಟರ್ 1895ರ ಜನವರಿ 1ರಂದು ಪ್ಯಾರಿಸ್ಸಿನ ಗೋಡೆಗಳ ಮೇಲೆ ಬಂತು. ಆಳೆತ್ತರಕ್ಕೂ ಮಿಗಿಲು, ಎರಡು ಮೀಟರಿಗೂ ಹೆಚ್ಚು. ಮುಂದಿನ ವರ್ಷ ಅವನು 'ನಾಲ್ಕು ಋತುಗಳು' ಸರಣಿಯನ್ನು ಬರೆದ. ಅದರಲ್ಲಿ ಯಾವ ಜಾಹೀರಾತೂ ಇಲ್ಲ. ಮನೆಯ ಗೋಡೆಗೆಂದೇ ಅಚ್ಚಾದ ಪಟಗಳವು. ಬೀದಿಯ ಕಲೆಯನ್ನು ಮನೆಗೆ ತರುವ ಆಸೆ ಆ ಕಾಲದವರದ್ದೇ. ರಾತ್ರಿ ಹೊತ್ತು ಹಸಿ ಪೋಸ್ಟರುಗಳನ್ನು ಗೋಡೆಯಿಂದ ಬಿಡಿಸಿಕೊಂಡು ಹೋಗುವವರಿದ್ದರು, ಆ ಹುಚ್ಚಿಗೆ ಫ್ರೆಂಚರು ಒಂದು ಹೆಸರನ್ನೇ ಕಟ್ಟಿದ್ದರು. 1895ರಿಂದ 1900ರವರೆಗೆ ಒಳ್ಳೆಯ ಪೋಸ್ಟರುಗಳನ್ನು ಚಿಕ್ಕ ಅಳತೆಯಲ್ಲಿ ಅಚ್ಚುಮಾಡಿ ತಿಂಗಳು ತಿಂಗಳು ಚಂದಾದಾರರಿಗೆ ಕಳಿಸುವ ಮಾಲೆಯೂ ನಡೆಯಿತು. ಒಟ್ಟು 256 ಹಾಳೆಗಳು. ಚಿಕ್ಕ ಮನೆಯವರಿಗೆ ಇದರಲ್ಲೊಂದು ಸಮಾಧಾನವಿದೆ. ಚಿಕ್ಕ ಅಳತೆಯ ಪ್ರತಿಗೂ ಮರ್ಯಾದೆಯ ಇತಿಹಾಸ ಉಂಟು.

ಇವರ ನಂತರ ಬಂದ ಪೋಸ್ಟರ್ ಕಲಾವಿದ ಕಪ್ಪಿಯೆಲ್ಲೊನ ಕೆಂಪು ಕುದುರೆ, ಹಸಿರು ಭೂತಗಳು ಕಪ್ಪು ಹಿನ್ನೆಲೆಯಿಂದ ಹಾರಿಬರುತ್ತವೆ, ಮಕ್ಕಳಿಗೆ ಬಲು ಇಷ್ಟ. ನನ್ನ ಮಟ್ಟಿಗೆ ಶಿಖರವೆಂದರೆ ಕಸಾಂದ್ರ 1927ರಲ್ಲಿ ರೈಲ್ವೆಗಾಗಿ ಮಾಡಿದ 'ಎತ್ವಾಲ್ ದ್ಯು ನೋರ್'. ರೈಲಿನ ಪೋಸ್ಟರು, ಆದರೆ ಅದರಲ್ಲಿ ರೈಲಿಲ್ಲ. ಹಳಿಗಳು ಮಾತ್ರ ಓಡಿ ಓಡಿ ದಿಗಂತದ ಒಂದು ನಕ್ಷತ್ರವನ್ನು ಮುಟ್ಟುತ್ತವೆ. ಹೊರಟುಬಿಡಬೇಕು ಅನ್ನಿಸುತ್ತದೆ, ಅಷ್ಟೇ.

ಈಗ ಕೊಳ್ಳುವ ಮಾತು. ಲೊಟ್ರೆಕ್ 1901ರಲ್ಲಿ, ಶೆರೆ 1932ರಲ್ಲಿ, ಮೂಖಾ 1939ರಲ್ಲಿ ತೀರಿಕೊಂಡವರು. ಅವರ ಕೃತಿಗಳ ಹಕ್ಕು ಮುಗಿದಿದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ, ಶಿಕಾಗೊದ ಆರ್ಟ್ ಇನ್‌ಸ್ಟಿಟ್ಯೂಟ್ ತಮ್ಮಲ್ಲಿರುವ ಇಂಥ ಕೃತಿಗಳ ದೊಡ್ಡ ಕಡತಗಳನ್ನು ಪುಕ್ಕಟೆಯಾಗಿ ಕೊಡುತ್ತವೆ. 24 ಇಂಚು ಅಗಲ, 36 ಇಂಚು ಎತ್ತರದ ಪ್ರತಿಗೆ 4800 ಬೈ 7200 ಪಿಕ್ಸೆಲ್ ಇದ್ದರೆ ಚೆನ್ನಾಗಿ ಬರುತ್ತದೆ. ಕಸಾಂದ್ರ ತೀರಿಕೊಂಡದ್ದು 1968ರಲ್ಲಿ, ಹಾಗಾಗಿ ಅವನದನ್ನು ಅನುಮತಿ ಪಡೆದು ಅಚ್ಚುಮಾಡಿದವರಿಂದಲೇ ಕೊಳ್ಳಿ. ಮಿರಮಿರ ಹೊಳೆಯುವ ಫೋಟೊ ಕಾಗದ ಬೇಡ. ಕಲ್ಲಚ್ಚಿನ ಶಾಯಿ ಕಾಗದದ ಮೇಲೆ ಮಂಕಾಗಿ ಕೂರುತ್ತದೆ, ಅದೇ ಅದರ ಚೆಲುವು. ಹತ್ತಿಯ ತಿರುಳಿನ ಮ್ಯಾಟ್ ಕಾಗದ, ಪಿಗ್ಮೆಂಟ್ ಶಾಯಿ, ಎರಡನ್ನೂ ಹೆಸರು ಹೇಳಿಯೇ ಕೇಳಿ.

ಕಟ್ಟು ಹಾಕಿಸುವಾಗ ಪಕ್ಕದಲ್ಲೇ ನಿಲ್ಲಿ. ನನ್ನ ಮೊದಲ ಮೂಖಾನನ್ನು ಕಟ್ಟು ಹಾಕುವವರು ಸಿದ್ಧವಿದ್ದ ಫ್ರೇಮಿಗೆ ಹೊಂದಿಸಲು ನಾಲ್ಕೂ ಕಡೆ ಕತ್ತರಿಸಿಬಿಟ್ಟರು. ಕೆಳಗಿನ ಅಕ್ಷರಗಳು ಅರ್ಧಕ್ಕರ್ಧ ಹೋದವು. ಈಗಲೂ ನೆನೆದರೆ ಸಂಕಟವಾಗುತ್ತದೆ. ಪೋಸ್ಟರಿನಲ್ಲಿ ಅಕ್ಷರವೂ ಚಿತ್ರವೇ. ಲೊಟ್ರೆಕ್ 'ಮುಲಾಂ ರೂಜ್' ಎಂದು ಮೂರು ಸಲ ಬರೆಯಲು ಒಂದೇ ದೊಡ್ಡ ಅಕ್ಷರವನ್ನು ಮೂರು ಸಾಲಿಗೂ ಹಂಚಿದ್ದಾನೆ, ಅದನ್ನು ಕತ್ತರಿಸಿದರೆ ಚಿತ್ರದ ಒಂದು ಕಾಲು ಮುರಿದಂತೆ. ಗಾಜಿಗೂ ಕಾಗದಕ್ಕೂ ನಡುವೆ ಆಮ್ಲರಹಿತ ಮೌಂಟ್ ಬೋರ್ಡ್ ಹಾಕಿಸಿ. ಗಾಜಿಗೆ ಅಂಟಿದ ಕಾಗದ ಮಂಗಳೂರು, ಸಾಗರದ ಕಡೆಯ ಒಂದೇ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬಿರಡೆಯ ಚೂರು ಅಂಟಿಸಿದರೆ ಗೋಡೆಗೂ ಪಟಕ್ಕೂ ನಡುವೆ ಗಾಳಿ ಆಡುತ್ತದೆ. ನೀರು ಜಿನುಗುವ ಗೋಡೆ, ನೇರ ಬಿಸಿಲು ಬೀಳುವ ಗೋಡೆ ಎರಡನ್ನೂ ಬಿಟ್ಟುಬಿಡಿ.

ಎಲ್ಲಿ ಹಾಕಬೇಕೆಂಬುದಕ್ಕೆ ಮನೆಯಲ್ಲಿ ಒಂದು ದಿನ ನಿಮ್ಮ ಓಡಾಟವನ್ನೇ ಗಮನಿಸಿ. ಮೆಟ್ಟಿಲಿನ ತಿರುವು, ಪ್ಯಾಸೇಜಿನ ಕೊನೆ, ಅಡುಗೆಮನೆಯ ಬಾಗಿಲಿಗೆ ಎದುರಿನ ಗೋಡೆ, ಇವೇ ಮನೆಯ ಬೀದಿಗಳು. ಒಂದು ಗೋಡೆಗೆ ಒಂದೇ ಪೋಸ್ಟರ್ ಸಾಕು. ಪ್ರತಿಯೊಂದೂ ಬೀದಿಯಲ್ಲಿ ಕೂಗಿ ಕರೆಯಲು ಹುಟ್ಟಿದ್ದು, ನಾಲ್ಕನ್ನು ಒತ್ತಾಗಿ ಹಾಕಿದರೆ ಯಾರ ದನಿಯೂ ಕೇಳಿಸದು. ಪಟದ ನಡುಮಧ್ಯ ನೆಲದಿಂದ ಸುಮಾರು 145 ಸೆಂಟಿಮೀಟರ್ ಎತ್ತರಕ್ಕೆ ಬರಲಿ, ನಿಂತವರ ಕಣ್ಣಿನ ಮಟ್ಟ ಅದು. ಮೊಳೆ ಹೊಡೆಯುವ ಮೊದಲು ಅದೇ ಅಳತೆಯ ಹಳೆಯ ಪತ್ರಿಕೆಯ ಹಾಳೆಗಳನ್ನು ಗೋಡೆಗೆ ಅಂಟಿಸಿ, ಎರಡು ದಿನ ಅದರ ಮುಂದೆ ಓಡಾಡಿ. ನೀರಿನ ಚೊಂಬು ಹಿಡಿದು ಹೋಗುವಾಗ, ಕರೆಂಟು ಹೋದ ರಾತ್ರಿ ಮೊಬೈಲ್ ಬೆಳಕಿನಲ್ಲಿ ಹೋಗುವಾಗ ಕಣ್ಣು ತಾನಾಗಿ ಎಲ್ಲಿಗೆ ಹೊರಳಿತೋ ಅಲ್ಲಿ ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿ.