ಹಿಂದಿನ ಸೀಟಿನ ವಿಮರ್ಶೆ

ಮಣಿಪಾಲದಲ್ಲಿ ಮೇ ತಿಂಗಳು ಬಂತೆಂದರೆ ಬೈಕುಗಳಿಗೆ ಮಾಲೀಕರು ಬದಲಾಗುವ ಕಾಲ. ಕೋರ್ಸು ಮುಗಿಸಿದ ಹುಡುಗರು ದೆಹಲಿಗೋ ಪುಣೆಗೋ ಹೊರಡುವ ಮೊದಲು ಹಾಸಿಗೆ, ಕುಕ್ಕರು, ಕೂಲರಿನ ಜೊತೆಗೆ ಬೈಕನ್ನೂ ಮಾರುತ್ತಾರೆ. ಜಾಹೀರಾತಿನ ಒಕ್ಕಣೆ ಹೆಚ್ಚುಕಮ್ಮಿ ಒಂದೇ: ‘ಸಿಂಗಲ್ ಓನರ್, ಲಡಾಖ್‌ಗೆ ಹೋಗಿ ಬಂದದ್ದು, ಸಸ್ಪೆನ್ಶನ್ ಅಪ್‌ಗ್ರೇಡ್ ಆಗಿದೆ.’ ಮೊದಲನೆಯದನ್ನು ಆರ್‌ಸಿ ನೋಡಿ ತಿಳಿಯಬಹುದು. ಎರಡನೆಯದಕ್ಕೆ ಟ್ಯಾಂಕಿನ ಮೇಲಿನ ಸ್ಟಿಕ್ಕರ್ ಸಾಕ್ಷಿ. ಮೂರನೆಯದು ಏನು ಅಂತ ಎಷ್ಟೋ ಸಲ ಮಾರುವವನಿಗೂ ಗೊತ್ತಿರುವುದಿಲ್ಲ, ಕೊಳ್ಳುವವನಿಗೂ ಗೊತ್ತಿರುವುದಿಲ್ಲ. ನಾನು ಕೊಂಡ ಬೈಕಿಗೆ ಆ ಮೂರನೇ ಅರ್ಹತೆ ಇರಲಿಲ್ಲ. ಆಗ ಅದೇ ನನಗೊಂದು ದೊಡ್ಡ ಕೊರಗಾಗಿತ್ತು.

ನನ್ನದು ಯಾವ ಕಂಪೆನಿಯದ್ದು ಅಂತ ಇಲ್ಲಿ ಹೇಳುವುದಿಲ್ಲ. ಹೇಳಿದರೆ ಅದರ ಅಭಿಮಾನಿಗಳು ಒಂದು ಕಡೆ, ಎದುರು ಕಂಪೆನಿಯ ಅಭಿಮಾನಿಗಳು ಇನ್ನೊಂದು ಕಡೆ ನಿಂತು ಯಕ್ಷಗಾನದ ಯುದ್ಧ ಶುರುಮಾಡುತ್ತಾರೆ. ಸಸ್ಪೆನ್ಶನ್ ವಿಷಯ ಚೌಕಿಯಲ್ಲೇ ಉಳಿಯುತ್ತದೆ. ಡಾಂಬರಿಗೂ ಆಗುವ, ಮಣ್ಣಿಗೂ ಆಗುವ ಡ್ಯುಯಲ್ ಸ್ಪೋರ್ಟ್ ಜಾತಿಯ ಬೈಕು. ಮುಂದೆ 21 ಇಂಚಿನ ಚಕ್ರ, ಉದ್ದ ಫೋರ್ಕ್, ಹಿಂದೆ ಲಿಂಕೇಜಿಗೆ ಜೋಡಿಸಿದ ಒಂದೇ ಶಾಕ್. ಐದು ವರ್ಷ ಹಳೆಯದು, 38 ಸಾವಿರ ಕಿ.ಮೀ. ಓಡಿದೆ. ಕೊಂಡದ್ದು ಅಮ್ಮನಿಗೋಸ್ಕರ.

ನಗಬೇಡಿ. ಅಮ್ಮ ಮೂವತ್ತು ವರ್ಷ ನೆಲದ ಮೇಲೆ ಕೂತು ಬೀಡಿ ಕಟ್ಟಿದವರು. ಸೊಂಟ ಕೈಕೊಟ್ಟಿದೆ. ವಾರಕ್ಕೆರಡು ಸಲ ಕಾಪುವಿನಿಂದ ಮಣಿಪಾಲಕ್ಕೆ ಫಿಸಿಯೋಥೆರಪಿಗೆ ಹೋಗಬೇಕು, ತಿಂಗಳಿಗೊಮ್ಮೆ ಕಾರ್ಕಳದ ಚಿಕ್ಕಮ್ಮನ ಮನೆಗೂ ಹೋಗಬೇಕು. ಹಳೆಯ ಸ್ಕೂಟರಿನ ಸಣ್ಣ ಚಕ್ರ ದಾರಿಯ ಪ್ರತಿ ಗುಂಡಿಯನ್ನೂ ಅವರ ಸೊಂಟಕ್ಕೆ ವರದಿ ಮಾಡುತ್ತಿತ್ತು. ‘ದೊಡ್ಡ ಚಕ್ರ, ಉದ್ದ ಟ್ರಾವೆಲ್ ಇರುವ ಬೈಕು ಗುಂಡಿಗಳನ್ನು ನುಂಗಿ ನೀರು ಕುಡಿಯುತ್ತದೆ’ ಅಂತ ನಾನು ನೋಡಿದ ರಿವ್ಯೂಗಳೆಲ್ಲ ಒಂದೇ ಬಾಯಲ್ಲಿ ಹೇಳಿದವು. ತೆಗೆದುಕೊಂಡೆ. ನುಂಗಲಿಲ್ಲ. ಮೊದಲ ದಿನವೇ ಅಮ್ಮ, ‘ಇದಕ್ಕಿಂತ ಸ್ಕೂಟರೇ ವಾಸಿ ಇತ್ತು ಮಗ’ ಅಂದರು.

ನನ್ನ ತಕರಾರು ಇರುವುದು ಈ ರಿವ್ಯೂಗಳ ಮೇಲೆ. ಅವುಗಳಲ್ಲಿ ಸಸ್ಪೆನ್ಶನ್ ಅಂದರೆ ಒಂದು ಅಂಕೆ. 2016ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್‌ಗೆ ಮುಂದೆ 200 ಮಿ.ಮೀ., ಹಿಂದೆ 180 ಮಿ.ಮೀ. ಟ್ರಾವೆಲ್. 2019ರ ಹೀರೋ ಎಕ್ಸ್‌ಪಲ್ಸ್ 200ಕ್ಕೆ 190 ಮತ್ತು 170. ಈ 10 ಮಿ.ಮೀ. ವ್ಯತ್ಯಾಸದ ಮೇಲೆ ನಡೆದಷ್ಟು ವಾದ ನಮ್ಮಲ್ಲಿ ಆಸ್ತಿಪಾಲಿನಲ್ಲೂ ನಡೆದಿರಲಿಕ್ಕಿಲ್ಲ. ಟ್ರಾವೆಲ್ ಅಂದರೆ ಚಕ್ರ ಮೇಲೆ ಕೆಳಗೆ ಎಷ್ಟು ಚಲಿಸಬಲ್ಲದು ಅನ್ನುವ ದೂರ, ಅಷ್ಟೇ. ಪಾತ್ರೆ ಎಷ್ಟು ದೊಡ್ಡದು ಅಂತ ಅದು ಹೇಳುತ್ತದೆ. ಒಳಗಿನ ಸಾರು ಹೇಗಿದೆ ಅಂತ ಹೇಳುವುದಿಲ್ಲ. ಆ ದೂರದಲ್ಲಿ ಎಷ್ಟನ್ನು ನಿಮ್ಮ ಮೈಭಾರವೇ ತಿಂದುಹಾಕುತ್ತದೆ, ಉಳಿದದ್ದರಲ್ಲಿ ಸ್ಪ್ರಿಂಗು ಹೇಗೆ ಕುಗ್ಗುತ್ತದೆ, ಕುಗ್ಗಿದ್ದು ಎಷ್ಟು ಬೇಗ ವಾಪಸ್ ಬರುತ್ತದೆ, ಸವಾರಿಯ ಸುಖ ನಿಂತಿರುವುದು ಇವುಗಳ ಮೇಲೆ.

ಇನ್ನೂ ಒಂದು ತಕರಾರು ಉಂಟು. ರಿವ್ಯೂ ಮಾಡುವವರು ಒಬ್ಬರೇ ಓಡಿಸುತ್ತಾರೆ, ಹೊಸ ಬೈಕು ಓಡಿಸುತ್ತಾರೆ, ಮತ್ತು ಹೆಚ್ಚಾಗಿ ನಿಂತುಕೊಂಡು ಓಡಿಸುವ ಚಿತ್ರ ತೆಗೆಸಿಕೊಳ್ಳುತ್ತಾರೆ. ಹಿಂದಿನ ಸೀಟಿನಲ್ಲಿ ಒಬ್ಬರನ್ನು ಕೂರಿಸಿಕೊಂಡು ಬೆಳ್ಮಣ್ಣಿನಿಂದ ನಿಟ್ಟೆಗೆ ಹೋಗಿ ‘ಹೇಗಾಯಿತು?’ ಅಂತ ಅವರನ್ನು ಕೇಳಿದ ರಿವ್ಯೂ ನಾನಂತೂ ನೋಡಿಲ್ಲ. ಐದು ಮಳೆಗಾಲ ಕಂಡ ಬೈಕಿನ ಶಾಕ್ ಹೇಗಿರುತ್ತದೆ ಅನ್ನುವುದಂತೂ ಅವರ ಸಿಲಬಸ್ಸಿನಲ್ಲೇ ಇಲ್ಲ. ನಮ್ಮ ಕರಾವಳಿಯಲ್ಲಿ ಬೈಕು ಕೊಳ್ಳುವವರಿಗೆ ಬೇಕಾದದ್ದು ಇವೇ ಎರಡು.

ಇಷ್ಟೆಲ್ಲ ಈಗ ಹೇಳುತ್ತಿದ್ದೇನೆ. ಆಗ ನಾನೂ ಅದೇ ಗುಂಪಿನವನೇ. ಬೈಕು ಕುಲುಕುತ್ತಿದೆ ಎಂದರೆ ಟ್ರಾವೆಲ್ ಸಾಲದು, ಎತ್ತರ ಸಾಲದು ಅಂತ ತೀರ್ಮಾನಿಸಿದೆ. ಒಳ್ಳೆಯ ಹೊಸ ಶಾಕ್ ಹಾಕಿಸಲು 35 ಸಾವಿರ ಕೇಳಿದರು, ಅಷ್ಟು ದುಡ್ಡಿರಲಿಲ್ಲ. ಕಡಿಮೆ ಖರ್ಚಿನ ದಾರಿಯಾಗಿ ಹಿಂದಿನ ಲಿಂಕೇಜಿನ ಪಟ್ಟಿಗಳನ್ನು ಬದಲಿಸಿದೆ. ಸೀಟು 30 ಮಿ.ಮೀ. ಮೇಲೆ ಹೋಯಿತು. ಸ್ಪ್ರಿಂಗಿನ ಪ್ರಿಲೋಡನ್ನೂ ಕೊನೆಯ ಹಂತಕ್ಕೆ ತಿರುಗಿಸಿದೆ. ಮುಂದಿನ ಫೋರ್ಕಿಗೆ ‘ದಪ್ಪ ಆಯಿಲ್ ಹಾಕಿ, ಗಟ್ಟಿಯಾಗುತ್ತದೆ’ ಅಂದರು ಯಾರೋ, ಹಾಕಿಸಿದೆ. ಒಟ್ಟು ಐದು ಸಾವಿರದ ಒಳಗೆ ನನ್ನ ಬೈಕೂ ‘ಅಪ್‌ಗ್ರೇಡ್’ ಆಯಿತು. ಅಂಗಳದಲ್ಲಿ ನಿಲ್ಲಿಸಿ ಫೋಟೋ ತೆಗೆದೆ. ಸೈಡ್ ಸ್ಟ್ಯಾಂಡ್ ಗಿಡ್ಡವಾದಂತಾಗಿ ಬೈಕು ಎಡಕ್ಕೆ ಬೇಕಿದ್ದಕ್ಕಿಂತ ಹೆಚ್ಚು ವಾಲಿ ನಿಂತಿತ್ತು. ಅದೇ ಸ್ಟೈಲು ಅಂದುಕೊಂಡೆ.

ಅಮ್ಮ ಹತ್ತಲು ಬಂದವರು ಸೀಟನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ‘ಇದಕ್ಕೆ ಏಣಿ ಎಲ್ಲುಂಟು?’ ಅಂದರು.

ಜಗಲಿಯ ಮೆಟ್ಟಿಲಿನ ಮೇಲೆ ನಿಲ್ಲಿಸಿ ಹತ್ತಿಸಿದೆ. ಮಣಿಪಾಲದ ಕೆಲಸ ಮುಗಿಸಿ ಕಾರ್ಕಳದ ಕಡೆ ಹೊರಟೆವು. ಪರ್ಕಳದ ಇಳಿಜಾರಿನಲ್ಲಿ ಎದುರಿನ ಬಸ್ಸಿಗೆ ದಾರಿ ಬಿಡಲು ಅಂಚಿಗೆ ಸರಿದು ನಿಂತೆ. ಎಡಗಾಲು ಇಟ್ಟ ಕಡೆ ಜಲ್ಲಿ. ಮೊದಲಾದರೆ ಅಂಗಾಲು ಪೂರ್ತಿ ಊರುತ್ತಿದ್ದ ನನಗೆ ಈಗ ಹೆಬ್ಬೆರಳಿನ ತುದಿ ಮಾತ್ರ ತಾಗುತ್ತಿತ್ತು. ಎರಡು ಕ್ವಿಂಟಾಲು ಹತ್ತಿರದ ಬೈಕು, ಅದರ ಮೇಲೆ ಒಂದೇ ಪಕ್ಕಕ್ಕೆ ಕಾಲು ಹಾಕಿ ಕೂತ ಅಮ್ಮ. ನಿಧಾನವಾಗಿ, ತೆಂಗಿನ ಮರ ಬಿದ್ದ ಹಾಗೆ ಎಡಕ್ಕೆ ಬಿದ್ದೆವು. ವೇಗ ಇರಲಿಲ್ಲವಾದ್ದರಿಂದ ಅವರ ಮೊಣಕೈ ತರಚಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ಆದರೆ ರಸ್ತೆ ಬದಿಯಲ್ಲಿ ಕೂತು ಸೆರಗಿನಿಂದ ರಕ್ತ ಒರೆಸಿಕೊಳ್ಳುತ್ತಿದ್ದ ಅಮ್ಮನನ್ನು ನೋಡಿ ನನ್ನ ಕೈ ನಡುಗಿದ್ದು ನಿಲ್ಲಲಿಕ್ಕೆ ಬಹಳ ಹೊತ್ತು ಬೇಕಾಯಿತು. ಅಲ್ಲಿಂದ ಎರಡು ತಿಂಗಳು ಅವರು ಬಸ್ಸಿನಲ್ಲೇ ಓಡಾಡಿದರು. ನನಗೆ ಒಂದು ಬೈಗುಳ ಕೂಡ ಇಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಬೈಕನ್ನು ಕಾರ್ಕಳದ ಒಬ್ಬ ಹಿರಿಯ ಮೆಕ್ಯಾನಿಕ್ ಅಣ್ಣನ ಹತ್ತಿರ ಕೊಂಡುಹೋದೆ. ಅವರು ಮಾಡಿದ ಮೊದಲ ಕೆಲಸ ಸ್ಪ್ಯಾನರ್ ಹಿಡಿಯುವುದಲ್ಲ, ಟೇಪ್ ಹಿಡಿಯುವುದು. ಹಿಂದಿನ ಚಕ್ರದ ಆಕ್ಸಲಿನಿಂದ ನೇರ ಮೇಲಕ್ಕೆ ಬಾಡಿಯ ಮೇಲೆ ಚಾಕಿನಲ್ಲಿ ಒಂದು ಗುರುತು ಹಾಕಿದರು. ಬೈಕನ್ನು ಎತ್ತಿ, ಚಕ್ರ ಜೋತಾಡುವಾಗ ಅಳೆದರು. ಆಮೇಲೆ ನನ್ನನ್ನು ಕೂರಿಸಿ ಅಳೆದರು. ಎರಡರ ವ್ಯತ್ಯಾಸಕ್ಕೆ ಸ್ಯಾಗ್ ಅನ್ನುತ್ತಾರೆ; ನಮ್ಮ ಭಾರಕ್ಕೆ ಬೈಕು ಎಷ್ಟು ಕುಸಿಯುತ್ತದೆ ಅನ್ನುವ ಲೆಕ್ಕ. ಇಂಥ ಬೈಕಿನಲ್ಲಿ ಒಟ್ಟು ಟ್ರಾವೆಲಿನ ಮೂರನೇ ಒಂದು ಭಾಗದ ಹತ್ತಿರ ಕುಸಿಯಬೇಕು. 180 ಮಿ.ಮೀ. ಇದ್ದರೆ 55ರಿಂದ 60.

ಕುಸಿಯುವುದು ಯಾಕೆ ಬೇಕು ಅಂತ ನಾನೂ ಕೇಳಿದೆ. ಉಬ್ಬು ಬಂದಾಗ ಚಕ್ರ ಮೇಲೆ ಹೋಗಬೇಕು, ಅದು ಎಲ್ಲರಿಗೂ ಗೊತ್ತು. ಗುಂಡಿ ಬಂದಾಗ ಚಕ್ರ ಕೆಳಗೆ ಇಳಿಯಬೇಕು, ಇದು ಯಾರಿಗೂ ನೆನಪಿರುವುದಿಲ್ಲ. ಪ್ರಿಲೋಡನ್ನು ಕೊನೆಯವರೆಗೆ ತಿರುಗಿಸಿದರೆ ಸ್ಪ್ರಿಂಗು ಬೈಕನ್ನು ಪೂರ್ತಿ ಮೇಲೆತ್ತಿ ಹಿಡಿಯುತ್ತದೆ. ಚಕ್ರಕ್ಕೆ ಕೆಳಗೆ ಇಳಿಯಲು ಜಾಗವೇ ಇರುವುದಿಲ್ಲ. ಗುಂಡಿಯ ಮೇಲೆ ಚಕ್ರ ಒಂದು ಕ್ಷಣ ಗಾಳಿಯಲ್ಲಿ ನಿಂತು ಬೈಕಿನ ಸಮೇತ ಧಡ್ ಅಂತ ಬೀಳುತ್ತದೆ. ಆ ಧಡ್ ಅಮ್ಮನ ಸೊಂಟಕ್ಕೆ. ಹಿಂದಿನ ಒಂಟಿ ಶಾಕ್ ಚರಿತ್ರೆಯಲ್ಲಿ ಬಂದದ್ದೂ ಎತ್ತರಕ್ಕಾಗಿ ಅಲ್ಲ. ಬೆಲ್ಜಿಯಂನ ಎಂಜಿನಿಯರ್ ಲೂಸಿಯನ್ ಟಿಲ್ಕೆನ್ಸ್ ಮಾಡಿದ ವಿನ್ಯಾಸವನ್ನು ಯಮಾಹ ಕೊಂಡು, 1973ರಲ್ಲಿ ಅದರ ಮೇಲೆ 250 ಸಿಸಿ ಮೋಟೋಕ್ರಾಸ್ ವಿಶ್ವ ಪ್ರಶಸ್ತಿ ಗೆದ್ದಿತು. ಹದಗೆಟ್ಟ ನೆಲದಲ್ಲಿ ಚಕ್ರ ನೆಲ ಬಿಡಬಾರದು, ಅದರ ಗುಟ್ಟು ಅಷ್ಟೇ.

ಅಣ್ಣ ಇನ್ನೊಂದು ಪರೀಕ್ಷೆ ಮಾಡಿದರು. ಬೈಕನ್ನು ಒಮ್ಮೆ ಒತ್ತಿ ಮೆಲ್ಲಗೆ ಬಿಟ್ಟು ಅಳೆದರು, ಇನ್ನೊಮ್ಮೆ ಎತ್ತಿ ಮೆಲ್ಲಗೆ ಬಿಟ್ಟು ಅಳೆದರು. ಎರಡೂ ಹತ್ತಿರ ಹತ್ತಿರ ಬರಬೇಕು. ನನ್ನದರಲ್ಲಿ 22 ಮಿ.ಮೀ. ವ್ಯತ್ಯಾಸ. ಅಂದರೆ ಎಲ್ಲೋ ಹಿಡಿದುಕೊಂಡಿದೆ. ಲಿಂಕೇಜ್ ಬಿಚ್ಚಿದರು. ‘ಎಂತದ್ದು ಮಾರಾಯ ಇದು, ಗ್ರೀಸ್ ಎಲ್ಲುಂಟು ಇದರಲ್ಲಿ? ತುಕ್ಕಿನಲ್ಲೇ ಓಡ್ತಾ ಉಂಟಲ್ಲ!’ ಸೂಜಿಯಂಥ ರೋಲರುಗಳ ಬೇರಿಂಗು ಕೆಂಪು ಪುಡಿಯಾಗಿ ಉದುರಿತು. ಐದು ಮಳೆಗಾಲದ ಕೆಸರು, ಕಡಲ ಕಿನಾರೆಯ ಉಪ್ಪು, ವಾಟರ್ ಸರ್ವಿಸಿನವರ ಪ್ರೆಶರ್ ಪೈಪು ಎಲ್ಲ ಸೇರಿ ಮಾಡಿದ ಕೆಲಸ. ಹಿಂದಿನ ಮಾಲೀಕ ಅಲ್ಲಿಗೆ ಕೈ ಹಾಕಿರಲಿಲ್ಲ, ನಾನೂ ಹಾಕಿರಲಿಲ್ಲ. ಶಾಕ್ ಕೆಲಸ ಮಾಡಲು ತಯಾರಿತ್ತು. ಅದಕ್ಕೆ ಸುದ್ದಿ ಮುಟ್ಟಿಸಬೇಕಾದ ಕೀಲುಗಳೇ ಸತ್ತುಹೋಗಿದ್ದವು. ಅದರ ಮೇಲೆ 35 ಸಾವಿರದ ಶಾಕ್ ಹಾಕಿಸಿದ್ದರೂ ಅದೇ ಕಥೆ ಆಗುತ್ತಿತ್ತು.

ಮುಂದಿನ ದಪ್ಪ ಆಯಿಲಿನ ಪಾಠ ಬೇರೆ. ನನ್ನ ಬೈಕಿನಂಥ ಸಾದಾ ಫೋರ್ಕಿನ ಒಳಗೆ ಆಯಿಲು ಸಣ್ಣ ತೂತುಗಳ ಮೂಲಕ ಹಾದುಹೋಗಬೇಕು. ಆ ತಡೆಯೇ ಡ್ಯಾಂಪಿಂಗ್. ಬ್ರೇಕು ಹಿಡಿದಾಗ, ಹಂಪ್ ಹತ್ತಿದಾಗ ಫೋರ್ಕು ನಿಧಾನ ಕುಗ್ಗುತ್ತದೆ, ಆಯಿಲು ಸಲೀಸಾಗಿ ಹಾದುಹೋಗುತ್ತದೆ. ಬೈಲೂರಿನ ಒಳದಾರಿಗಳಲ್ಲಿ ಇರುವಂಥ ಚೂಪು ಅಂಚಿನ ಮುರಕಲ್ಲಿಗೆ ಬಡಿದಾಗ ಒಮ್ಮೆಲೇ ಕುಗ್ಗಬೇಕು. ಆಗ ತೂತು ಸಾಲದೆ ಆಯಿಲು ಗೋಡೆಯಂತೆ ನಿಲ್ಲುತ್ತದೆ, ಏಟು ಮುಂಗೈಗೆ ಬರುತ್ತದೆ. ದಪ್ಪ ಆಯಿಲಿನಿಂದ ಬ್ರೇಕು ಹಿಡಿದಾಗ ಮುಗ್ಗರಿಸುವುದು ಕಡಿಮೆಯಾಗಬಹುದು, ಕಲ್ಲಿನ ಏಟು ಹೆಚ್ಚಾಗುತ್ತದೆ. ಒಂದು ಕೊಟ್ಟು ಒಂದು ಕಸಿಯುವ ವ್ಯಾಪಾರ. ಅಣ್ಣ ಹಳೆಯದನ್ನು ಬಸಿದು ಕಂಪೆನಿ ಹೇಳಿದ ದರ್ಜೆಯ ಆಯಿಲನ್ನೇ, ಹೇಳಿದ ಅಳತೆಗೇ ಹಾಕಿದರು. ಸೀಲು ಬದಲಿಸಿದರು. ಲಿಂಕೇಜಿನ ಹಳೆಯ ಪಟ್ಟಿಗಳು ವಾಪಸ್ ಬಂದವು. ಹೊಸ ಬೇರಿಂಗು, ಧಾರಾಳ ಗ್ರೀಸು. ಒಟ್ಟು 4,600 ರೂಪಾಯಿ. ನಾನು ‘ಅಪ್‌ಗ್ರೇಡ್’ ಮಾಡಿಸಲು ಸುರಿದದ್ದೂ ಹೆಚ್ಚುಕಮ್ಮಿ ಅಷ್ಟೇ.

ಇನ್ನು ಉಳಿದದ್ದು ಭಾರದ ಲೆಕ್ಕ. ನಾನು 62 ಕೆ.ಜಿ., ಅಮ್ಮ 54. ನಾನೊಬ್ಬನೇ ಕೂತಾಗ 45 ಮಿ.ಮೀ. ಕುಸಿಯುತ್ತಿದ್ದದ್ದು ಅವರು ಕೂತಾಗ 75. ಪ್ರಿಲೋಡನ್ನು ಎರಡು ಹಂತ ಏರಿಸಿದರೆ ಇಬ್ಬರಿಗೂ 62ರ ಹತ್ತಿರ ಬಂತು. ಅಷ್ಟೇ, ಎರಡು ಹಂತ. ಅಮ್ಮ ಕೂರುವ ದಿನ ಏರಿಸುವುದು, ಇಳಿದ ಮೇಲೆ ಇಳಿಸುವುದು. ಎರಡು ನಿಮಿಷದ ಕೆಲಸ. ನಾನು ನೋಡಿದ ಕೈಪಿಡಿಗಳಲ್ಲಿ ಹಂತ ಬದಲಿಸುವುದು ಹೇಗೆ ಅಂತ ಚಿತ್ರ ಇರುತ್ತದೆ. ಎಷ್ಟು ಭಾರಕ್ಕೆ ಎಷ್ಟು ಹಂತ, ಎಷ್ಟು ಮಿ.ಮೀ. ಕುಸಿಯಬೇಕು ಅನ್ನುವ ಒಂದು ಕೋಷ್ಟಕ ಇರುವುದಿಲ್ಲ. ಹೆಲ್ಮೆಟ್ ಹಾಕಿ, ಸೀರೆಯ ಸೆರಗು ಜೋಪಾನ ಅಂತ ಹೇಳುವ ಪುಸ್ತಕ ಇದನ್ನೂ ಹೇಳಬಹುದಿತ್ತು.

ಹಾಗಾದರೆ ಅಪ್‌ಗ್ರೇಡ್ ಅನ್ನುವುದೇ ಸುಳ್ಳೋ? ಅಲ್ಲ. ನನ್ನ ಗೆಳೆಯನೊಬ್ಬ 95 ಕೆ.ಜಿ. ಇದ್ದಾನೆ, ಟೆಂಟು ಗಿಂಟು ಕಟ್ಟಿಕೊಂಡು ಮಾಳ, ಕುದುರೆಮುಖದ ಕಡೆ ಅಲೆಯುತ್ತಾನೆ. ಪ್ರಿಲೋಡು ಎಷ್ಟು ತಿರುಗಿಸಿದರೂ ಸ್ಪ್ರಿಂಗಿನ ಗಟ್ಟಿತನ ಬದಲಾಗುವುದಿಲ್ಲ. ಅದು ಕುಸಿಯಲು ಶುರುಮಾಡುವ ಜಾಗ ಮಾತ್ರ ಬದಲಾಗುತ್ತದೆ. ಅವನಿಗೆ ನಿಜವಾಗಿಯೂ ಗಟ್ಟಿ ಸ್ಪ್ರಿಂಗು ಬೇಕಿತ್ತು, ಅಳೆದು ನೋಡಿ ಹಾಕಿಸಿದ, ಸುಖವಾಗಿದ್ದಾನೆ. ಎಕ್ಸ್‌ಪಲ್ಸ್ 200 4ವಿ ಪ್ರೊ ಮಾದರಿಗೆ ಮುಂದೆ 250, ಹಿಂದೆ 220 ಮಿ.ಮೀ. ಟ್ರಾವೆಲ್ ಕೊಟ್ಟಿದ್ದಾರೆ, ಸೀಟಿನ ಎತ್ತರ 891 ಮಿ.ಮೀ. ಅದೂ ತಪ್ಪಲ್ಲ. 2015ರಲ್ಲಿ ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ ಡಾಕಾರ್ ರ‍್ಯಾಲಿಯನ್ನು ಪೂರ್ತಿ ಮಾಡಿದ ಮೊದಲ ಭಾರತೀಯನಾದ ಮೇಲೆ, ಹಾಗೆ ಓಡಿಸಬೇಕೆಂಬ ಆಸೆ ಇರುವ ಹುಡುಗರು ನಮ್ಮಲ್ಲೂ ಇದ್ದಾರೆ. ಅವರ ದಾರಿಗೆ ಅದು ಸರಿ. ಪರ್ಕಳದ ಇಳಿಜಾರಿನಲ್ಲಿ ಅಮ್ಮನನ್ನು ಕೂರಿಸಿಕೊಂಡು ಕಾಲೂರಬೇಕಾದವನಿಗೆ ಅದೇ ಎತ್ತರ ಅಪಾಯ.

ಹಳೆಯ ಬೈಕು ಕೊಂಡವರಿಗೆ ನನ್ನ ಸಲಹೆಯ ಕ್ರಮ ಇಷ್ಟೇ: ಮೊದಲು ಲಿಂಕೇಜ್ ಬಿಚ್ಚಿಸಿ ಗ್ರೀಸ್, ಫೋರ್ಕಿಗೆ ಹೊಸ ಆಯಿಲ್. ಆಮೇಲೆ ಟೇಪ್ ಹಿಡಿದು ಸ್ಯಾಗ್. ಅಳತೆ ಕೂಡದಿದ್ದರೆ ನಿಮ್ಮ ಭಾರಕ್ಕೆ ಸರಿಯಾದ ಸ್ಪ್ರಿಂಗ್. ಅದಾದ ಮೇಲೂ ಸಮಾಧಾನ ಇಲ್ಲದಿದ್ದರೆ ಹೊಸ ಶಾಕ್. ಕಾಪು ಬೀಚಿನಿಂದ ಬಂದ ದಿನ ಸಿಹಿನೀರಿನಲ್ಲಿ ತೊಳೆಯುವುದು, ಫೋರ್ಕಿನ ಕೊಳವೆ ಒರೆಸುವುದು. ಅಲ್ಲಿ ತುಕ್ಕಿನ ಚುಕ್ಕೆ ಎದ್ದರೆ ಹೊಸ ಸೀಲನ್ನೂ ಅದು ಹರಿದುಹಾಕುತ್ತದೆ.

ಅಮ್ಮನನ್ನು ಮತ್ತೆ ಒಪ್ಪಿಸುವುದೇ ಎಲ್ಲಕ್ಕಿಂತ ಕಷ್ಟದ ರಿಪೇರಿ. ನಾನು ಬೈಕಿನ ಮೇಲೆ ಕೂತು ಎರಡೂ ಕಾಲು ಪೂರ್ತಿ ಊರಿ ತೋರಿಸಿದೆ. ಕೆಳಗೆ ಬಗ್ಗಿ ನನ್ನ ಚಪ್ಪಲಿಯ ಹಿಮ್ಮಡಿ ನೆಲಕ್ಕೆ ತಾಗಿದೆಯೋ ಅಂತ ನೋಡಿ ಆಮೇಲೆ ಹತ್ತಿದರು. ಹಿರಿಯಡ್ಕ ದಾಟಿ ಬೈಲೂರಿನವರೆಗೂ ಮಾತಿಲ್ಲ, ನನ್ನ ಹೆಗಲನ್ನು ಗಟ್ಟಿಯಾಗಿ ಹಿಡಿದೇ ಇದ್ದರು. ಕಾರ್ಕಳ ಹತ್ತಿರ ಬಂದಾಗ ಹಿಡಿತ ಸ್ವಲ್ಪ ಸಡಿಲಾಯಿತು.

‘ರಸ್ತೆ ರಿಪೇರಿ ಮಾಡಿದ್ದಾರಾ ಮಗ?’ ಅಂತ ಕೇಳಿದರು.

ಯಾರೂ ಮಾಡಿರಲಿಲ್ಲ. ಹೂಂ ಅಂದೆ.