ನೋಡಿದ ಕೆಲವು ಚಲಚ್ಚಿತ್ರಗಳು

ಸಾಹಿತ್ಯ ಸಂಚಿಕೆಯಲ್ಲಿ ಸಿನಿಮಾದ ಮಾತೇಕೆ ಎಂದು ಕೆಲವು ಹಿರಿಯರು ಹುಬ್ಬೇರಿಸಬಹುದು. ನಮ್ಮ ಮಕ್ಕಳು ಓದುವ ಪುಸ್ತಕಗಳಿಗಿಂತ ನೋಡುವ ಚಿತ್ರಗಳೇ ಹೆಚ್ಚಾಗಿರುವಾಗ ಉಪಾಧ್ಯಾಯನಾದವನು ಅವುಗಳ ಗುಣದೋಷಗಳನ್ನು ಅರಿಯದಿರುವುದು ಸಲ್ಲದೆಂದು ನನ್ನ ಎಣಿಕೆ.

1957ರ ತೆಲುಗು ‘ಮಾಯಾಬಜಾರ್’ ಪೌರಾಣಿಕವಾದರೂ ಅದರಲ್ಲಿ ಪುರಾಣಕ್ಕಿಂತ ಮನೆಮಾತಿನ ಸೊಗಸೇ ಹೆಚ್ಚು. ಎಸ್. ವಿ. ರಂಗರಾಯರ ಘಟೋತ್ಕಚನು ಮದುವೆಯ ಅಡಿಗೆಯನ್ನು ಉಣ್ಣುವಾಗ ತೆಲುಗು ಬಾರದವನೂ ನಗುತ್ತಾನೆ. ಆ ಮಾಯಾಲೋಕವನ್ನು ಸೆರೆಹಿಡಿದ ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲಿಯವರೇ 1965ರ ಮಲಯಾಳಂ ‘ಚೆಮ್ಮೀನ್’ನ ಕಡಲನ್ನೂ ಸೆರೆಹಿಡಿದರು. ತಕಳಿಯವರ ಕಾದಂಬರಿಯನ್ನಾಧರಿಸಿದ ರಾಮು ಕಾರ್ಯಾಟರ ಈ ಚಿತ್ರಕ್ಕೆ ರಾಷ್ಟ್ರಪತಿಯವರ ಸ್ವರ್ಣಪದಕ ಸಂದದ್ದು ಯೋಗ್ಯವೇ. ಆದರೆ ದಡದಲ್ಲಿರುವ ಹೆಂಡತಿಯ ಶೀಲವೇ ಕಡಲಿಗಿಳಿದ ಗಂಡನ ಪ್ರಾಣವನ್ನು ಕಾಯುತ್ತದೆಂಬ ನಂಬಿಕೆಯನ್ನು ಕಥೆ ಕೊನೆಗೆ ನಿಜವಾಗಿಸಿಬಿಡುತ್ತದೆ. ಅಲ್ಲಿ ನನಗೆ ಸಮ್ಮತಿಯಿಲ್ಲ.

ಬಿ. ವಿ. ಕಾರಂತರ ‘ಚೋಮನ ದುಡಿ’ (1975) ಬೇರೆಯೇ ತೂಕದ್ದು. ವಾಸುದೇವ ರಾಯರ ಚೋಮನು ತುಂಡು ಭೂಮಿಗಾಗಿ ಬೇಡುವುದನ್ನು ಕಂಡಮೇಲೆ ಶಿವರಾಮ ಕಾರಂತರ ಕಾದಂಬರಿಯನ್ನು ಓದುವಾಗಲೂ ಅದೇ ಮುಖ ಕಣ್ಣೆದುರು ಬರುತ್ತದೆ. ತುಳುನಾಡಿನ ಆ ಜನ ಗ್ರಾಂಥಿಕ ವಾಸನೆಯ ಕನ್ನಡವಾಡುವುದು ಮಾತ್ರ ನಮ್ಮ ಕಡೆಯ ಕಿವಿಗೆ ಸ್ವಲ್ಪ ತೊಡಕು.

ಬಿ. ಆರ್. ಪಂತುಲು ಅವರು ನಿರ್ದೇಶಿಸಿ, ನಟಿಸಿದ ‘ಸ್ಕೂಲ್ ಮಾಸ್ಟರ್’ (1958) ನಮ್ಮ ವೃತ್ತಿಯವರಿಗೆ ಪ್ರಿಯವಾದದ್ದು. ಶಾಲೆಯ ಭಾಗ ಸೊಗಸಾಗಿದೆ. ಮಕ್ಕಳು ಕೈಬಿಟ್ಟ ಮೇಲಿನ ಗೋಳು ಅತಿಯಾಯಿತು. ಮೇಷ್ಟ್ರು ಎಂದರೆ ಕರುಣೆಗೆ ಪಾತ್ರನಾದ ಬಡವನೆಂಬ ಭಾವನೆಯನ್ನು ಇಂತಹ ಚಿತ್ರಗಳೇ ಬೆಳೆಸಿದವೆಂದು ತೋರುತ್ತದೆ.

ಇನ್ನು ನಮ್ಮೂರಿನದೇ ಕಥೆ: ರಿಷಬ್ ಶೆಟ್ಟಿಯವರ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’ (2018). ಅತ್ಯುತ್ತಮ ಮಕ್ಕಳ ಚಿತ್ರವೆಂದು ಇದಕ್ಕೆ ರಾಷ್ಟ್ರಪ್ರಶಸ್ತಿ ಬಂದಿತು. 1956ರಲ್ಲಿ ಕೇರಳಕ್ಕೆ ಸೇರಿದ ನಮ್ಮ ನಾಡಿನ ಕನ್ನಡ ಶಾಲೆಗಳ ಸಂಕಟವನ್ನು ದೂರದ ಊರುಗಳ ಪ್ರೇಕ್ಷಕರಿಗೆ ಮುಟ್ಟಿಸಿದ ಉಪಕಾರ ಸಣ್ಣದಲ್ಲ. ಮಕ್ಕಳ ತುಂಟಾಟ, ಅವರ ಮಾತಿನ ಧಾಟಿ, ಎಲ್ಲವೂ ಸಹಜ. ಆದರೂ ನನ್ನ ಆಕ್ಷೇಪಗಳಿವೆ. ಕನ್ನಡ ಬಾರದ ಉಪಾಧ್ಯಾಯರು ಕನ್ನಡ ತರಗತಿಗೆ ಬರುವ ಪ್ರಸಂಗ ತೆರೆಯ ಮೇಲೆ ನಗೆಯುಕ್ಕಿಸುತ್ತದೆ. ನಿಜವಾದ ತರಗತಿಯಲ್ಲಿ ಆ ನಗೆ ಒಂದು ವಾರವೂ ಬಾಳದು. ಭಿನ್ನರಾಶಿ ಅರ್ಥವಾಗದೆ ಮುಂದಿನ ತರಗತಿಗೆ ಹೋದ ಹುಡುಗನಿಗೆ ದಡ್ಡನೆಂಬ ಹೆಸರು ಬರುತ್ತದೆ. ತಪ್ಪು ಅವನದಲ್ಲವೆಂದು ಅಂಕಪಟ್ಟಿಯಲ್ಲಿ ಎಲ್ಲಿಯೂ ಬರೆದಿರುವುದಿಲ್ಲ. ಮಲಯಾಳಿ ಅಧಿಕಾರಿಯನ್ನು ಖಳನನ್ನಾಗಿಸಿದ್ದೂ ಸುಲಭದ ದಾರಿ. ಒಂದೇ ಕೊಠಡಿಯಲ್ಲಿ ಕುಳಿತು ಚಹಾ ಕುಡಿಯುವ ಮಲಯಾಳಿ ಸಹೋದ್ಯೋಗಿಗಳು ನಮಗಿದ್ದಾರೆ. ತೊಡಕಿರುವುದು ನೇಮಕದ ಕ್ರಮದಲ್ಲಿ, ಅವರಲ್ಲಲ್ಲ.

ಅನಂತನಾಗ್ ಅವರ ನ್ಯಾಯಾಲಯದ ವಾದ ಕೇಳಲು ಹಬ್ಬವೇ ಸರಿ. ಆದರೆ ಗಡಿಯ ಶಾಲೆಯ ಪರವಾಗಿ ಮಾತನಾಡಲು ಮೈಸೂರಿನಿಂದಲೇ ಒಬ್ಬರು ಬರಬೇಕಾಯಿತೇ? ಆ ಕಟಕಟೆಯಲ್ಲಿ ಇಲ್ಲಿಯ ಒಬ್ಬ ತಾಯಿಯನ್ನೋ ಒಬ್ಬ ಮೇಷ್ಟ್ರನ್ನೋ ನಿಲ್ಲಿಸಿದ್ದರೆ ವಾದ ಅಷ್ಟು ಚೆಂದ ಇರುತ್ತಿರಲಿಲ್ಲ, ಚಿತ್ರ ಇನ್ನಷ್ಟು ನಮ್ಮದಾಗುತ್ತಿತ್ತು.